ಅರ್ಧ ಕೂಡಿಸಿದವರು

ನೂರ ಐವತ್ತಮೂರು ಅಂದರೆ ಸಾಕು, ಇವತ್ತಿಗೂ ನನ್ನ ಮೈಯೆಲ್ಲ ಉರಿಯುತ್ತದೆ. ಆ ಸಂಖ್ಯೆಯದೇನೂ ತಪ್ಪಿಲ್ಲ, ಪಾಪ. ಅದರ ಮೂರು ಅಂಕಿಗಳನ್ನು ಬಿಡಿಸಿ, ಒಂದೊಂದರ ಘನ ಮಾಡಿ ಕೂಡಿಸಿ ನೋಡಿ. ಒಂದರ ಘನ ಒಂದು, ಐದರ ಘನ ನೂರ ಇಪ್ಪತ್ತೈದು, ಮೂರರ ಘನ ಇಪ್ಪತ್ತೇಳು. ಮೂರನ್ನೂ ಕೂಡಿಸಿದರೆ ಮತ್ತೆ ನೂರ ಐವತ್ತಮೂರೇ ಬರುತ್ತದೆ. ಕೊಟ್ಟ ಸಂಖ್ಯೆ ಇಂಥದ್ದು ಹೌದೋ ಅಲ್ಲವೋ ಎಂದು ಹೇಳುವ ಪ್ರೋಗ್ರಾಂ ಬರೆಯಿರಿ ಎಂಬ ಪ್ರಶ್ನೆ ಡಿಪ್ಲೊಮಾದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬರುತ್ತಲೇ ಇರುತ್ತದೆ. ನಾನು ಸೇಡಂನ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುವವಳು. ಮನೆ ವಾಡಿಯಲ್ಲಿ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು ಚಿತ್ತಾಪುರ, ಮಳಖೇಡ ದಾಟಿ ಸೇಡಂಗೆ ಹೋಗುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸು ಬರುತ್ತೇನೆ.

ನಮ್ಮ ಲ್ಯಾಬಿನ ಕಂಪ್ಯೂಟರುಗಳು ಹಳೆಯವು. ಹೊಸ ತಂತ್ರಾಂಶ ಹಾಕಿದರೆ ಅಲ್ಲೇ ಕೂತುಬಿಡುತ್ತವೆ. ಹತ್ತು ವರ್ಷದ ಹಿಂದೆ, ಮೈಯಲ್ಲಿ ಹುಮ್ಮಸ್ಸಿದ್ದಾಗ, ಅವುಗಳಲ್ಲಿ ನಡೆಯುವಂಥ ಒಂದು ಚಿಕ್ಕ ತಂತ್ರಾಂಶವನ್ನು ನಾನೇ ಬರೆದಿದ್ದೆ. ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮನ್ನು ಓದಿ ನಡೆಸುವುದು ಅದರ ಕೆಲಸ. ವರ್ಗಮೂಲ, ಸೈನ್, ಘಾತ ಇಂಥ ಲೆಕ್ಕಗಳಿಗೆಂದು ಜೊತೆಯಲ್ಲಿ ಒಂದು ಗಣಿತದ ಲೈಬ್ರರಿ, ಅಂದರೆ ಸಿದ್ಧ ಲೆಕ್ಕಗಳ ಕಟ್ಟು, ಅದೂ ನನ್ನದೇ. ಅದರಲ್ಲಿ ಘಾತದ ಲೆಕ್ಕ ಮಾಡಿಕೊಡುವ ಭಾಗಕ್ಕೆ ಪವರ್ ಫಂಕ್ಷನ್ ಎಂದು ಹೆಸರು. ಪೆನ್ ಡ್ರೈವಿನಲ್ಲಿ ಅದು ಚಿತ್ತಾಪುರದ ಕಾಲೇಜಿಗೆ ಹೋಯಿತು, ಶಹಾಬಾದಿಗೆ ಹೋಯಿತು, ಚಿಂಚೋಳಿಗೂ ಹೋಯಿತು. ಎಲ್ಲಿ ಹೋದರೂ “ಇದು ಮೇಡಂ ಅವ್ರೇ ಮಾಡಿದ್ದಂತ್ರಿ” ಎಂದು ಜನ ಹೇಳುತ್ತಿದ್ದರು. ನನಗೆ ಕೊಂಬು ಬಂದಿತ್ತು. ಸುಳ್ಳು ಯಾಕೆ ಹೇಳಲಿ?

ಹೋದ ವರ್ಷದ ಏಪ್ರಿಲ್ ಪರೀಕ್ಷೆ. ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸಿ ಸುತ್ತಿಸಿ ಮುಖಕ್ಕೆ ಎರಚುತ್ತಿತ್ತು. ಮೂಲೆಯ ಕಂಪ್ಯೂಟರಿನಲ್ಲಿ ತೆಂಗಳಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಕೂತಿದ್ದಳು. ಎರಡನೇ ವರ್ಷ ಮುಗಿಸಿ, ಮದುವೆಯಾಗಿ, ಮೂರು ವರ್ಷ ಮನೆಯಲ್ಲಿದ್ದು, ಮತ್ತೆ ಬಂದು ಕೊನೆಯ ವರ್ಷಕ್ಕೆ ಸೇರಿದವಳು. ಅವಳ ಓರಗೆಯವರೆಲ್ಲ ಮುಗಿಸಿ ಹೋಗಿದ್ದರು. ಈಗಿನ ತರಗತಿಯವರು ಅವಳನ್ನು ಅಕ್ಕಾ ಅಕ್ಕಾ ಎನ್ನುತ್ತಿದ್ದರೇ ಹೊರತು ತಮ್ಮ ಗುಂಪಿಗೆ ಸೇರಿಸಿಕೊಂಡಿರಲಿಲ್ಲ. ಮಳಖೇಡದ ಕಡೆಯ ಒಂದು ಸಿಮೆಂಟ್ ಫ್ಯಾಕ್ಟರಿಯ ಪ್ರಯೋಗಾಲಯದಲ್ಲಿ ಅವಳಿಗೆ ಟ್ರೇನಿ ಕೆಲಸ ಗೊತ್ತಾಗಿತ್ತು. ಜೂನ್ ಮೊದಲ ವಾರದೊಳಗೆ ಪಾಸಾದ ಮಾರ್ಕ್ಸ್ ಕಾರ್ಡ್ ತೋರಿಸಬೇಕು, ಅಷ್ಟೇ. ಪರೀಕ್ಷೆಗೆ ಮುಂಚೆ ಹಾಲ್ ಟಿಕೆಟ್ಟಿಗೆ ಸಹಿ ಹಾಕಿಸಿಕೊಳ್ಳುವಾಗ ನನಗೆ ಹೇಳಿದ್ದಳು: “ಮನ್ಯಾಗ ಇದೊಂದ್ ಸಲ ನೋಡು, ಆಮ್ಯಾಲ ಕೇಳಬ್ಯಾಡ ಅಂದಾರ್ರಿ ಮೇಡಂ.”

ಅವಳಿಗೆ ಬಂದದ್ದು ಅದೇ ಪ್ರಶ್ನೆ. ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದಳು. ಆಮೇಲೆ ಕೈ ಎತ್ತಿದಳು.

“ಮೇಡಂ, ನೂರಾ ಐವತ್ಮೂರು ಕೊಟ್ರ ಇದು ಅಲ್ಲ ಅನ್ಲಿಕತ್ತದರಿ. ನಾ ಕೈಲೆ ಮಾಡಿ ನೋಡೀನಿ, ಬರೋಬರಿ ಬರ್ತದರಿ.”

“ಎಲ್ಲೋ ತಪ್ಪು ಮಾಡೀದಿ. ಮತ್ತೊಮ್ಮೆ ನೋಡ್ಕೊ.”

“ಮೂರು ಸಲ ನೋಡೀನ್ರಿ. ಆ ಪವರ್ ಫಂಕ್ಷನ್ನಾಗ ಏನರ…”

ಅವಳ ಮಾತು ಮುಗಿಯುವುದಕ್ಕೂ ನಾನು ಬಿಡಲಿಲ್ಲ. “ಫಂಕ್ಷನ್ ಸರಿ ಅದ. ಹತ್ತು ವರ್ಷದಿಂದ ನಡೀಲಿಕತ್ತದ. ನಿಂದು ನೀ ನೋಡ್ಕೊ,” ಅಂದೆ.

ಅವಳು ಉತ್ತರ ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಘನಗಳನ್ನೂ ಬರೆದು ಕೂಡಿಸಿ, ಕೆಳಗೆ ಗೆರೆ ಎಳೆದು ಇಟ್ಟುಹೋದಳು. ಔಟ್‌ಪುಟ್ ತಪ್ಪು ಎಂದು ನಾನೂ ಹೊರಗಿನಿಂದ ಬಂದಿದ್ದ ಪರೀಕ್ಷಕರೂ ಮಾರ್ಕ್ಸ್ ಕತ್ತರಿಸಿದೆವು. ಪಾಸಿಗೆ ನಾಲ್ಕು ಕಡಿಮೆ ಬಿತ್ತು. ಅವತ್ತೇ ಸಂಜೆ ಅಂಕಗಳನ್ನೆಲ್ಲ ಆನ್‌ಲೈನಿನಲ್ಲಿ ತುಂಬಿ ಲಾಕ್ ಮಾಡಿ ನಾನು ಟ್ರೇನು ಹಿಡಿದೆ.

ಮೂರನೇ ದಿನ ಉತ್ತರ ಪತ್ರಿಕೆಗಳನ್ನು ಕಟ್ಟು ಕಟ್ಟಿ ಕಪಾಟಿಗೆ ಸೇರಿಸುತ್ತಿದ್ದೆ. ಅದೇ ಪ್ರಶ್ನೆ ಬಂದ ಇನ್ನೂ ಆರು ಜನರ ಪ್ರೋಗ್ರಾಂ ಕೈಗೆ ಬಂತು. ಆರಕ್ಕೆ ಆರೂ ಸರಿ ಉತ್ತರ ಕೊಟ್ಟಿದ್ದವು. ಆರರಲ್ಲೂ ಪವರ್ ಫಂಕ್ಷನ್ನಿನ ಮುಂದೆ ಒಂದು ಬಾಲ ಇತ್ತು: ಕೂಡಿಸು ಸೊನ್ನೆ ಪಾಯಿಂಟ್ ಐದು. ಅಂದರೆ ಅರ್ಧ.

ಈ ಅರ್ಧ ನನಗೆ ಹೊಸದಲ್ಲ. ವರ್ಷಗಟ್ಟಲೆ ರೆಕಾರ್ಡ್ ಪುಸ್ತಕಗಳಲ್ಲಿ ನೋಡಿದ್ದೆ. ನಮ್ಮಲ್ಲಿ ರೆಕಾರ್ಡ್ ಅಂದರೆ ಹಿಂದಿನ ವರ್ಷದವರದ್ದನ್ನು ತಂದು, ಇದ್ದದ್ದು ಇದ್ದ ಹಾಗೆ ಇಳಿಸುವುದು. ಹಿಂದಿನವರು ಅವರ ಹಿಂದಿನವರದ್ದನ್ನು ಇಳಿಸಿರುತ್ತಾರೆ. ತಪ್ಪು, ಕಾಗುಣಿತ, ಮಸಿಯ ಕಲೆ ಎಲ್ಲವೂ ಪರಂಪರೆಯಾಗಿ ಇಳಿದು ಬರುತ್ತದೆ. ಆ ಅರ್ಧ ಕಂಡಾಗೆಲ್ಲ ನಾನು ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಿದ್ದೆ. “ಈ ಅರ್ಧ ಎಲ್ಲಿಂದ ಬಂತು? ಲೆಕ್ಕದಾಗ ಎಲ್ಲದ ಇದು?” ಎಂದು ಗದರಿದರೆ, “ಹಂಗೇ ಬರೀತಾರ್ರಿ ಮೇಡಂ” ಎಂದು ತಲೆ ತಗ್ಗಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕಾಪಿ ಹೊಡೆಯುವ ಮಂದಿ ಎಂದು ಬೈದು, ಅರ್ಧ ಮಾರ್ಕು ಕಿತ್ತು ಸುಮ್ಮನಾಗುತ್ತಿದ್ದೆ. ಯಾಕೆ ಹಾಗೆ ಬರೆಯುತ್ತಾರೆ ಎಂದು ಒಂದು ಸಲವಾದರೂ ಕೂತು ಕೇಳಿದ್ದೆನೆ? ಇಲ್ಲ.

ಆರರಲ್ಲಿ ಒಂದನ್ನು ಕಂಪ್ಯೂಟರಿಗೆ ಹಾಕಿ ಅರ್ಧ ತೆಗೆದು ನಡೆಸಿದೆ. “ಅಲ್ಲ” ಅಂತು. ಐದರ ಘನವನ್ನು ಮಾತ್ರ ಪೂರ್ತಿ ಅಂಕಿಗಳೊಂದಿಗೆ ಬರೆದು ತೋರಿಸು ಎಂದೆ. ಪರದೆಯ ಮೇಲೆ ನೂರ ಇಪ್ಪತ್ತನಾಲ್ಕು, ಪಾಯಿಂಟ್, ಆಮೇಲೆ ಸಾಲಾಗಿ ಒಂಬತ್ತುಗಳು ಬಂದವು. ನೂರ ಇಪ್ಪತ್ತೈದಕ್ಕೆ ಕೂದಲೆಳೆಯಷ್ಟು ಕಡಿಮೆ. ಅದನ್ನು ಪೂರ್ಣಾಂಕದ ಡಬ್ಬಿಗೆ ಹಾಕಿದರೆ ಪಾಯಿಂಟಿನ ಮುಂದಿನದೆಲ್ಲ ಉದುರಿ ನೂರ ಇಪ್ಪತ್ತನಾಲ್ಕೇ ಉಳಿಯುತ್ತದೆ. ಒಟ್ಟು ನೂರ ಐವತ್ತೆರಡು. ಅರ್ಧ ಕೂಡಿಸಿದವರಿಗೆ ಆ ಕೊರತೆ ತುಂಬಿ ಸರಿಯಾಗುತ್ತಿತ್ತು. ಯಾವುದೋ ವರ್ಷ ಯಾರೋ ಒಬ್ಬರು ಇದನ್ನು ಕಂಡುಹಿಡಿದು, ನನಗೆ ಹೇಳುವ ಧೈರ್ಯವಿಲ್ಲದೆ, ರೆಕಾರ್ಡಿನಲ್ಲಿ ಮದ್ದು ಬರೆದಿಟ್ಟು ಹೋಗಿದ್ದರು. ಅದು ಇಳಿದು ಬಂದು ಎಲ್ಲರನ್ನೂ ಪಾಸು ಮಾಡಿಸಿತ್ತು. ತೆಂಗಳಿಯವಳಿಗೆ ರೆಕಾರ್ಡ್ ಕೊಡುವ ಹಿಂದಿನವರು ಯಾರೂ ಇರಲಿಲ್ಲ. ತಾನೇ ಯೋಚಿಸಿ, ತಾನೇ ಬರೆದವಳು ಅವಳೊಬ್ಬಳೇ. ಅವಳನ್ನೇ ನಾನು ಫೇಲು ಮಾಡಿದ್ದೆ.

ಎಚ್‌.ಓ.ಡಿ. ಸಾಹೇಬರ ಹತ್ತಿರ ಓಡಿದೆ. ನಮ್ಮ ವಿಭಾಗದ ಮುಖ್ಯಸ್ಥರಾದ ಅವರು ಒಳ್ಳೆಯವರು, ಆದರೆ ಯಾವ ಕಾಗದಕ್ಕೂ ಕೈ ಹಚ್ಚಲು ಹಿಂದೆ ಮುಂದೆ ನೋಡುವವರು.

“ಲಾಕ್ ಆದ ಮ್ಯಾಲ ಮಾರ್ಕ್ಸ್ ಬದಲಿ ಮಾಡ್ಲಿಕ್ಕಿ ಬರಲ್ರಿ ಮೇಡಂ. ಖಾಲಿಪೀಲಿ ಯಾಕ ಮೈಮ್ಯಾಲ ಹಾಕ್ಕೋತೀರಿ? ಜುಲೈದಾಗ ಸಪ್ಲಿಮೆಂಟರಿ ಅದ, ಬರೀತಾಳ ಬಿಡ್ರಿ.”

“ಆಕಿ ಕೆಲಸ ಹೋಗ್ತದ್ರಿ ಸರ್. ತಪ್ಪು ನಂದು. ನಾ ಪತ್ರ ಬರಕೊಡ್ತೀನಿ, ಮ್ಯಾಲ ಪರೀಕ್ಷಾ ಬೋರ್ಡಿನವ್ರಿಗಿ ಕಳಸ್ರಿ.”

ಅವರು ಕನ್ನಡಕ ತೆಗೆದು ಒರೆಸಿದರು. “ಕಳಸ್ತೀನಿ. ಆದ್ರ ಅವ್ರು ತಪ್ಪು ಎಲ್ಲದ ಅಂತ ಕೇಳ್ತಾರ. ಮೊದ್ಲು ಅದನ್ನ ಸರಿ ಮಾಡಿ ತೋರಸ್ರಿ, ಹಿಂಗಿತ್ತು, ಹಿಂಗಾತು ಅಂತ. ಬರೇ ಬಾಯಿಮಾತಿಗಿ ಯಾರ್ ನಂಬ್ತಾರ?”

ಮೇ ತಿಂಗಳು ಪೂರ್ತಿ ನನ್ನ ಕೈಯಲ್ಲಿತ್ತು. ಒಂದು ಫಂಕ್ಷನ್, ನಾನೇ ಬರೆದದ್ದು. ಎಷ್ಟು ಹೊತ್ತಿನ ಕೆಲಸ ಅಂದುಕೊಂಡೆ.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ವಾಡಿಯಲ್ಲೇ ಪ್ರಾಥಮಿಕ ಶಾಲೆಯ ಮಾಸ್ತರರು. ಜೋಳದ ರೊಟ್ಟಿ ಮುರಿಯುತ್ತಾ ಕೇಳಿ ನಕ್ಕರು. “ಐದರ ಘನ ನಮ್ಮ ಐದನೇ ಕ್ಲಾಸಿನ ಹುಡುಗ್ರು ಬಾಯಾಗ ಹೇಳ್ತಾವ. ಐದನ್ನ ಮೂರ್ ಸಲ ಗುಣಿಸಿದ್ರ ಮುಗೀತಲ್ಲ, ಅದಕ್ಕೇನ್ ಇಷ್ಟು ತ್ರಾಸ?”

“ಘಾತ ಮೂರೇ ಇರ್ತದೇನ್ರಿ ಯಾವಾಗ್ಲೂ? ಎರಡೂವರಿ ಇದ್ರ? ಎಷ್ಟು ಸಲ ಗುಣಸ್ತೀರಿ?” ಎಂದು ಹಾರಿಬಿದ್ದೆ.

ಅದಕ್ಕೇ ಪವರ್ ಫಂಕ್ಷನ್ನು ಸುತ್ತು ಹಾದಿ ಹಿಡಿಯುತ್ತದೆ. ಮೊದಲು ಸಂಖ್ಯೆಯ ಲಾಗರಿದಮ್ ತೆಗೆಯುತ್ತದೆ, ಅದನ್ನು ಘಾತದಿಂದ ಗುಣಿಸುತ್ತದೆ, ಬಂದದ್ದನ್ನು ಮತ್ತೆ ಲಾಗರಿದಮ್ಮಿನಿಂದ ಸಂಖ್ಯೆಗೆ ತಿರುಗಿಸುತ್ತದೆ. ಕಂಪ್ಯೂಟರು ಒಂದು ಸಂಖ್ಯೆಯಲ್ಲಿ ಹೆಚ್ಚೆಂದರೆ ಹದಿನಾರು ಅಂಕಿ ಇಟ್ಟುಕೊಳ್ಳುತ್ತದೆ. ಐದರ ಲಾಗರಿದಮ್ ಮುಗಿಯದೆ ಹೋಗುವಂಥದ್ದು, ಅದರ ಬಾಲ ಅಲ್ಲೇ ಕತ್ತರಿಸಿ ಬೀಳುತ್ತದೆ. ಬಿದ್ದುಹೋದ ಚೂರು ಗುಣಾಕಾರದಲ್ಲಿ ಬೆಳೆಯುತ್ತದೆ, ತಿರುಗಿಸುವಾಗ ಇನ್ನೂ ಬೆಳೆಯುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಹತ್ತು ವರ್ಷದ ಹಿಂದೆಯೂ ಗೊತ್ತಿತ್ತು. ಅಷ್ಟು ಸಣ್ಣದು ಯಾರಿಗೆ ಏನು ಮಾಡೀತು ಎಂದು ಬಿಟ್ಟಿದ್ದೆ.

ಘಾತ ಪೂರ್ಣಾಂಕವಾಗಿದ್ದರೆ ಗುಣಿಸು, ಇಲ್ಲದಿದ್ದರೆ ಸುತ್ತು ಹಾದಿ ಹಿಡಿ ಎಂದು ಎರಡು ಸಾಲು ಬರೆದಿದ್ದರೆ ಯಜಮಾನರ ಮಾತಿನಂತೆ ಅವತ್ತೇ ಮುಗಿಯುತ್ತಿತ್ತು. ಪತ್ರ ಮರುದಿನವೇ ಹೋಗುತ್ತಿತ್ತು. ಆದರೆ ಅದು ತೇಪೆ ಹಚ್ಚಿದಂತೆ ಅಂತ ನನಗೆ ಅನ್ನಿಸಿತು. ಮೇಲಿನವರ ಮುಂದೆ ತಪ್ಪು ಒಪ್ಪಿಕೊಳ್ಳುವುದೇ ಆದರೆ ಪೂರ್ತಿ ಸರಿ ಮಾಡಿಯೇ ಒಪ್ಪಿಕೊಳ್ಳುತ್ತೇನೆ ಎಂಬ ಹಟ. ಆ ಹಟಕ್ಕೆ ಬೆಂಕಿ ಬೀಳಲಿ.

ಮೊದಲು ಮಾಡಿದ ಕೆಲಸವನ್ನು ಹೇಳಲು ನಾಚಿಕೆಯಾಗುತ್ತದೆ. ಉತ್ತರ ಯಾವುದಾದರೂ ಪೂರ್ಣಾಂಕಕ್ಕೆ ಬಹಳ ಹತ್ತಿರ ಬಂದರೆ, ಆ ಪೂರ್ಣಾಂಕವನ್ನೇ ಕೊಡು ಎಂದು ಬರೆದೆ. ನೂರ ಇಪ್ಪತ್ತೈದು ಬಂತು. ಎಲ್ಲ ಘನಗಳೂ ಬಂದವು. ಹಿಗ್ಗಿ ಹೀರೇಕಾಯಿಯಾಗಿ, ಪರೀಕ್ಷಿಸಿ ನೋಡಲಿ ಎಂದು ಚಿಂಚೋಳಿ ಕಾಲೇಜಿನ ಭೌತಶಾಸ್ತ್ರದ ಮಾಸ್ತರರಿಗೆ ಬಸ್ಸಿನಲ್ಲಿ ಪೆನ್ ಡ್ರೈವ್ ಕಳಿಸಿದೆ. ಎರಡೇ ದಿನದಲ್ಲಿ ಅವರ ಫೋನು.

“ಮೇಡಂರೀ, ನಿಮ್ಮ ಹೊಸಾ ಪೆನ್ ಡ್ರೈವ್ ಹಾಕಿದ ಮ್ಯಾಲ ನಮ್ಮ ಪರಮಾಣು ಎಲ್ಲಾ ಮಾಯ ಆಗ್ಯಾವ್ರಿ!”

“ಅಂದ್ರ?”

“ಹತ್ತರ ಘಾತ ಮೈನಸ್ ಹತ್ತು ಕೊಟ್ರ ಸೊನ್ನಿ ಅನ್ಲಿಕತ್ತದರಿ. ಪರಮಾಣುವಿನ ಅಳತಿನೇ ಅಷ್ಟು ಮೀಟರ್ ಅದಲ್ರಿ. ಸೊನ್ನಿಲಿಂದ ಭಾಗಿಸಿ ಭಾಗಿಸಿ ನಮ್ಮ ಕಂಪ್ಯೂಟರ್ ಪರೇಶಾನ್ ಆಗೇದ.”

ನಗುವುದೋ ಅಳುವುದೋ ತಿಳಿಯಲಿಲ್ಲ. ಪೂರ್ಣಾಂಕಕ್ಕೆ ಹತ್ತಿರ ಅಂದೆನಲ್ಲ, ಸೊನ್ನೆಯೂ ಪೂರ್ಣಾಂಕವೇ. ಸಣ್ಣ ಸಂಖ್ಯೆಗಳನ್ನೆಲ್ಲ ನನ್ನ ಲೈಬ್ರರಿ ಸೊನ್ನೆಗೆ ನೂಕಿ ಕೂತಿತ್ತು. ಇಷ್ಟು ವರ್ಷ ಬೇರೆಯವರ ರೆಕಾರ್ಡಿನಲ್ಲಿ ನಾನು ಕೆಂಪು ಸುತ್ತು ಹಾಕಿದ ಆ ಅರ್ಧವನ್ನೇ ಈಗ ನಾನು ಲೈಬ್ರರಿಯ ಹೊಟ್ಟೆಯೊಳಗೆ ತುರುಕಿದ್ದೆ, ಅದೂ ಅವರಿಗಿಂತ ಕೆಟ್ಟದಾಗಿ. ಅವರು ಬೇಕಾದ ಕಡೆ ಮಾತ್ರ ಹಾಕುತ್ತಿದ್ದರು.

ಅದನ್ನು ಕಿತ್ತು ಬಿಸಾಡಿ ಸರಿಯಾದ ದಾರಿ ಹಿಡಿದೆ. ಲಾಗರಿದಮ್ಮನ್ನು ಎರಡು ತುಂಡಾಗಿ ಇಟ್ಟುಕೊಳ್ಳುವುದು. ಒಂದು ದೊಡ್ಡ ತುಂಡು, ಇನ್ನೊಂದು ಕತ್ತರಿಸಿ ಬೀಳುವ ಆ ಚೂರು. ಚೂರನ್ನು ಎಸೆಯದೆ, ಬೇರೆ ಡಬ್ಬಿಯಲ್ಲಿ ಹಾಕಿ, ಗುಣಾಕಾರ ದಾಟಿಸಿ, ಕೊನೆಯಲ್ಲಿ ಸೇರಿಸುವುದು. ಕಾಗದದ ಮೇಲೆ ಚೆಂದ. ಒಂದು ವಾರ ಕೂತು ಬರೆದೆ. ನಡೆಸಿದೆ. ನೂರ ಇಪ್ಪತ್ತನಾಲ್ಕು ಪಾಯಿಂಟ್ ಒಂಬತ್ತು ಒಂಬತ್ತು ಒಂಬತ್ತು. ಮತ್ತೆ ಬರೆದೆ. ಒಂಬತ್ತು ಒಂಬತ್ತು ಒಂಬತ್ತು. ಮೇ ತಿಂಗಳ ಬಿಸಿಲಲ್ಲಿ ರಜೆಯ ಕಾಲೇಜಿಗೆ ಬುತ್ತಿ ಕಟ್ಟಿಕೊಂಡು ಹೋಗಿ, ಕರೆಂಟು ಬಂದಾಗ ಲ್ಯಾಬಿನಲ್ಲಿ, ಹೋದಾಗ ಬೇವಿನ ಮರದ ಕೆಳಗೆ ಕೂತು, ಪ್ರತಿ ಸಾಲನ್ನೂ ಪುಸ್ತಕದ ಸೂತ್ರದ ಜೊತೆ ತಾಳೆ ನೋಡಿದೆ. ಒಂದು ಅಕ್ಷರ ತಪ್ಪಿಲ್ಲ. ಉತ್ತರ ಮಾತ್ರ ತಪ್ಪು. ತಲೆ ಕೆಟ್ಟು ಹೋಯಿತು. ಮನೆಯಲ್ಲಿ ಯಾರು ಮಾತಾಡಿಸಿದರೂ ಸಿಡುಕುತ್ತಿದ್ದೆ. ಯಜಮಾನರು ಚಹಾ ಲೋಟವನ್ನು ದೂರದಿಂದಲೇ ಇಟ್ಟು ಹೋಗುತ್ತಿದ್ದರು.

ನಡುವೆ ಒಂದು ದಿನ ತೆಂಗಳಿಯಿಂದ ಅವಳ ಫೋನು ಬಂತು. ಏನೂ ಬೇಡಲಿಲ್ಲ. “ಫ್ಯಾಕ್ಟರ್ಯಾಗ ಕೇಳ್ಲಿಕತ್ತಾರ್ರಿ. ಏನರ ಆಗ್ತದೇನ್ರಿ ಮೇಡಂ?” ಎಂದಳು ಅಷ್ಟೇ. ಈ ವಾರ ಆಗ್ತದವ್ವ, ಫಿಕರ್ ಮಾಡಬ್ಯಾಡ ಎಂದೆ. ಆ ವಾರ ಆಗಲಿಲ್ಲ.

ಗೊತ್ತಾದದ್ದು ಮೇ ತಿಂಗಳ ಕೊನೆಗೆ, ಸಂಜೆಯ ಪ್ಯಾಸೆಂಜರಿನಲ್ಲಿ. ಚಿತ್ತಾಪುರ ದಾಟಿ ಬಂದು ವಾಡಿ ಸ್ಟೇಷನ್ನಿನ ಹೊರಗೆ ಸಿಗ್ನಲ್ಲಿಗೆ ಕಾಯುತ್ತಾ ಗಾಡಿ ನಿಂತಿತ್ತು. ಅದು ಅಲ್ಲಿ ನಿಲ್ಲದ ದಿನವೇ ಇಲ್ಲ. ಆ ದಿನ ನಾನು ಚೂರಿನ ಡಬ್ಬಿಯಲ್ಲಿ ಏನಿದೆ ಎಂದು ಪ್ರತಿ ಹಂತದಲ್ಲೂ ಪ್ರಿಂಟ್ ತೆಗೆದುಕೊಂಡು ಬಂದಿದ್ದೆ. ಎಲ್ಲ ಕಡೆ ಸೊನ್ನೆ. ಒಂದೆರಡು ಕಡೆ ಅಲ್ಲ, ಎಲ್ಲ ಕಡೆ. ಅದೇ ಹಾಳೆಯ ಹಿಂದೆ, ನಾಲ್ಕೇ ಅಂಕಿ ಇಟ್ಟುಕೊಳ್ಳುವ ಕಂಪ್ಯೂಟರು ಎಂದು ಭಾವಿಸಿ, ಪೆನ್ನಿನಿಂದ ಮಾಡಿ ನೋಡಿದೆ. ನನ್ನ ಕೈಲೆಕ್ಕದಲ್ಲಿ ಚೂರು ಬರುತ್ತಿತ್ತು. ಹಾಗಾದರೆ ಅದನ್ನು ನುಂಗುತ್ತಿರುವವರು ಯಾರು?

ಚೂರು ಹಿಡಿಯುವ ಸಾಲು ಹೀಗಿದೆ: ಎರಡು ಸಂಖ್ಯೆ ಕೂಡಿಸು, ಮೊತ್ತದಿಂದ ಮೊದಲನೆಯದನ್ನು ಕಳೆ, ಉಳಿದದ್ದನ್ನು ಎರಡನೆಯದರಿಂದ ಕಳೆ. ಶಾಲೆಯ ಬೀಜಗಣಿತದಲ್ಲಿ ಇದರ ಉತ್ತರ ಸೊನ್ನೆಯೇ. ಕಂಪ್ಯೂಟರಿನಲ್ಲಿ ಮಾತ್ರ, ಮೊತ್ತ ಮಾಡುವಾಗ ಕತ್ತರಿಸಿ ಬಿದ್ದದ್ದು ಇಲ್ಲಿ ಉಳಿಯುತ್ತದೆ. ಆದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸಿ ಲೈಬ್ರರಿಯನ್ನು ಕಟ್ಟುವ ಕಂಪೈಲರಿಗೆ ಯಾರಾದರೂ “ಲೆಕ್ಕ ಬೇಗ ಮಾಡು, ಬೀಜಗಣಿತದಂತೆ ಸುಲಭ ಮಾಡಿಕೋ” ಎಂದು ಹೇಳಿದ್ದರೆ, ಅದು ಈ ಸಾಲನ್ನು ನೋಡಿ, ಇದು ಹೇಗೂ ಸೊನ್ನೆ ಎಂದು ಅಳಿಸಿಹಾಕುತ್ತದೆ. ಹಾಗೆ ಹೇಳಿದವರು ಯಾರು? ನಾನೇ. ಹತ್ತು ವರ್ಷದ ಹಿಂದೆ, ಹಳೆಯ ಕಂಪ್ಯೂಟರುಗಳು ನಿಧಾನ ಎಂದು, ಕಟ್ಟುವ ಆದೇಶದಲ್ಲಿ ಬೇಗ ಎನ್ನುವ ಒಂದು ಪದ ಸೇರಿಸಿ ಮರೆತುಬಿಟ್ಟಿದ್ದೆ. ಎದುರು ಕೂತಿದ್ದ ಅಜ್ಜಿಯೊಬ್ಬಳು ನಾನು ಹಣೆ ಹಣೆ ಬಡಿದುಕೊಳ್ಳುವುದನ್ನು ನೋಡಿ, “ಏನಾತವ್ವ? ಏನರ ಮರತ್ ಬಂದೀದೇನು?” ಎಂದಳು. ಹೌದಮ್ಮಾ ಎಂದೆ.

ಮರುದಿನ ಲ್ಯಾಬಿಗೆ ಹೋಗಿ ಆ ಪದ ಅಳಿಸಿದೆ. ಮತ್ತೆ ಕಟ್ಟಿದೆ. ನೂರ ಇಪ್ಪತ್ತೈದು, ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ. ಹದಿನಾರು ಅಂಕಿಯೊಳಗೆ ಹಿಡಿಯುವ ಎಲ್ಲ ಪೂರ್ಣಾಂಕಗಳ ಘಾತಗಳನ್ನು ಒಂದು ಕಡೆ ಗುಣಿಸಿ, ಇನ್ನೊಂದು ಕಡೆ ಫಂಕ್ಷನ್ನಿನಿಂದ ಮಾಡಿಸಿ ಹೋಲಿಸಿದೆ. ಒಂದೂ ತಪ್ಪಲಿಲ್ಲ. ಚಿಂಚೋಳಿಗೆ ಪೆನ್ ಡ್ರೈವ್ ಹೋಯಿತು, “ಪರಮಾಣು ವಾಪಸ್ ಬಂದಾವ್ರಿ ಮೇಡಂ” ಎಂದು ಫೋನೂ ಬಂತು. ಮೂರು ವಾರ ಒಂದು ಪದದ ಹಿಂದೆ ಹೋಗಿತ್ತು. ಸಂತೋಷಪಡುವುದಕ್ಕೆ ನನ್ನಲ್ಲಿ ತ್ರಾಣ ಇರಲಿಲ್ಲ.

ತಪ್ಪು ನನ್ನದು, ವಿದ್ಯಾರ್ಥಿನಿಯದಲ್ಲ ಎಂದು ಎರಡು ಪುಟದ ಪತ್ರ ಬರೆದೆ. ಹಳೆಯ ಉತ್ತರ, ಹೊಸ ಉತ್ತರ, ಅವಳ ಪೆನ್ಸಿಲ್ ಲೆಕ್ಕದ ಪ್ರತಿ ಎಲ್ಲ ಜೋಡಿಸಿದೆ. ಎಚ್‌.ಓ.ಡಿ. ಸಾಹೇಬರು ಮಾತಿಗೆ ತಪ್ಪಲಿಲ್ಲ, ಅವತ್ತೇ ಕಳಿಸಿದರು. ಉತ್ತರ ಬಂದದ್ದು ಜೂನ್ ಇಪ್ಪತ್ತರ ಮೇಲೆ. ಅಂಕ ಬದಲಿಸಲು ಅವಕಾಶವಿಲ್ಲ, ಸಪ್ಲಿಮೆಂಟರಿ ಪರೀಕ್ಷೆಗೆ ಕೂರಬಹುದು ಎಂದು ನಾಲ್ಕು ಸಾಲು. ಅಷ್ಟರಲ್ಲಿ ಮಳಖೇಡದ ಆ ಕೆಲಸಕ್ಕೆ ಬೇರೆಯವರು ಸೇರಿಯಾಗಿತ್ತು. ಸೇರಿದವನು ನಮ್ಮದೇ ತರಗತಿಯವನು. ಅರ್ಧ ಕೂಡಿಸಿದ ಆರು ಜನರಲ್ಲಿ ಒಬ್ಬ.

ಜುಲೈನಲ್ಲಿ ಅವಳು ಬಂದಳು. ಮನೆಯವರು ಈ ಪರೀಕ್ಷೆ ಒಂದಕ್ಕೆ ಒಪ್ಪಿದ್ದರಂತೆ, ಮುಗಿಸಿಬಿಡು, ಕೆಲಸದ ಮಾತು ಬೇಡ ಎಂದು. ಲ್ಯಾಬಿನಲ್ಲಿ ಐದೇ ಜನ. ಪರೀಕ್ಷೆ ಶುರುವಾಗುವ ಮುಂಚೆ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ, ಪವರ್ ಫಂಕ್ಷನ್ನಿನಲ್ಲಿ ದೋಷ ಇತ್ತು, ಅದು ನನ್ನ ತಪ್ಪು, ಈಗ ಸರಿ ಮಾಡಿದ್ದೇನೆ ಎಂದು. ಹಾಗೆ ಎಲ್ಲರ ಮುಂದೆ ಒಪ್ಪಿಕೊಳ್ಳುವುದು ನನಗೆ ಸುಲಭದ ಮಾತಾಗಿರಲಿಲ್ಲ. ಅವಳು ತಲೆ ಆಡಿಸಿದಳು.

ಈ ಸಲ ಅವಳಿಗೆ ಬೇರೆ ಪ್ರಶ್ನೆ, ಆದರೆ ಅಂಕಿಗಳ ಘಾತ ಅದರಲ್ಲೂ ಬೇಕಿತ್ತು. ಬೇಗ ಮುಗಿಸಿದಳು. ಉತ್ತರ ಸರಿಯಾಗಿತ್ತು. ಪ್ರೋಗ್ರಾಂ ನೋಡುತ್ತಾ ಬಂದ ನನ್ನ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಪವರ್ ಫಂಕ್ಷನ್ನು, ಅದರ ಮುಂದೆ ಕೂಡಿಸು ಸೊನ್ನೆ ಪಾಯಿಂಟ್ ಐದು.

“ಇದು ಯಾಕ?” ಎಂದೆ. ಗದರಲಿಲ್ಲ. ಗದರುವ ದನಿ ನನ್ನಲ್ಲಿ ಉಳಿದಿರಲಿಲ್ಲ.

“ಎಲ್ಲಾರೂ ಹಾಕ್ತಾರಂತಲ್ರಿ.”

“ಈಗ ಬ್ಯಾಡವ್ವ. ಹೇಳಿದೆನಲ್ಲ, ಫಂಕ್ಷನ್ ಸರಿ ಆಗೇದ.”

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ಮರ್ಯಾದೆ ಹಾಗೆಯೇ ಇತ್ತು.

“ಆವತ್ತೂ ಸರಿ ಅದ ಅಂದಿದ್ರಿ ಮೇಡಂ,” ಅಂದಳು.

ಕೆಂಪು ಪೆನ್ನು ಕೈಯಲ್ಲೇ ಇತ್ತು. ಮುಚ್ಚಳ ಹಾಕಿ ಪರ್ಸಿಗೆ ಹಾಕಿದೆ. ನೀಲಿ ಪೆನ್ನು ತೆಗೆದು ಪೂರ್ತಿ ಅಂಕ ಕೊಟ್ಟು ಸಹಿ ಹಾಕಿದೆ. ಅವಳು ಚೀಲ ಎತ್ತಿಕೊಂಡು ತೆಂಗಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.